ತಾಳಿ ಕಟ್ಟಿದ ಕೈಗಳ ಚಿತ್ರ

ದೆವ್ವ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ, "ಮೊದಲ ಫ್ಯೂಜ್ ನೋಡ್ರಿ" ಎಂದು ನಗುತ್ತಿದ್ದವನು ನಾನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ರೇಡಿಯೋ ಬಿಚ್ಚಿ ಜೋಡಿಸುತ್ತ ಕೆಲಸ ಕಲಿತವನಿಗೆ ತಂತಿಯಲ್ಲಿ ಹರಿಯದ ಯಾವುದರಲ್ಲೂ ನಂಬಿಕೆ ಇರಲಿಲ್ಲ. ದೆವ್ವವನ್ನು ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಆ ನಗು ಈಗ ಬರುವುದಿಲ್ಲ. ಯಾಕೆಂಬುದನ್ನು ನಡೆದ ಹಾಗೆಯೇ ಬರೆಯುತ್ತೇನೆ; ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಂಬತ್ತರ ದಶಕದ ಕೊನೆಯ ವರ್ಷಗಳು. ಬಾಗಲಕೋಟೆಯಲ್ಲಿ ನನ್ನದೊಂದು ವಿಡಿಯೋ ಅಂಗಡಿ. ಮದುವೆಯ ವಿಡಿಯೋ ತೆಗೆಸುವ ಹುಚ್ಚು ನಮ್ಮ ಕಡೆ ಆಗಷ್ಟೇ ಹಿಡಿದಿತ್ತು. ಇಳಕಲ್ಲಿನ ಈರಪ್ಪ ಕ್ಯಾಮೆರಾ ಹಿಡಿಯುತ್ತಿದ್ದ, ಕಮತಗಿಯ ರಾಜೇಸಾಬ ಹಾಡು ಆರಿಸುತ್ತಿದ್ದ, ಇಬ್ಬರ ಕೆಲಸವನ್ನೂ ಕೂಡಿಸಿ ಒಂದು ಕ್ಯಾಸೆಟ್ ಮಾಡುವುದು ನನ್ನ ಪಾಲಿಗೆ ಬರುತ್ತಿತ್ತು. ಎರಡು ವಿಸಿಆರ್ ಇಟ್ಟುಕೊಂಡಿದ್ದೆ. ಒಂದರಲ್ಲಿ ಈರಪ್ಪ ತೆಗೆದ ಅಸಲು ಕ್ಯಾಸೆಟ್ ಓಡಬೇಕು, ಇನ್ನೊಂದು ಬೇಕಾದಷ್ಟನ್ನು ಮಾತ್ರ ತುಂಬಿಕೊಳ್ಳಬೇಕು. ರಾಜೇಸಾಬ ಹಾಡು ಹಚ್ಚಿ ತೊಡೆ ತಟ್ಟುತ್ತ ತಾಳ ಎಣಿಸುತ್ತಿದ್ದ. ಏಟು ಬಿದ್ದ ಕ್ಷಣಕ್ಕೆ ನಾನು ಗುಂಡಿ ಒತ್ತಿ ಚಿತ್ರ ಬದಲಿಸುತ್ತಿದ್ದೆ. ತಬಲಾದ ಒಂದು ಏಟಿಗೆ ಅಕ್ಕಿಕಾಳು ಹಾರಬೇಕು, ಮುಂದಿನ ಏಟಿಗೆ ತಾಳಿ ಕಾಣಬೇಕು. ಅರ್ಧ ಏಟು ತಪ್ಪಿದರೂ ಮತ್ತೆ ಮೊದಲಿನಿಂದ. ಕಲಿತವರು ಬಂದು ನಿಂತು ನೋಡುತ್ತಿದ್ದರು. ನನಗೆ ಸೊಕ್ಕು ಇತ್ತು, ಇಲ್ಲವೆನ್ನುವುದಿಲ್ಲ.

ಬಾದಾಮಿಯ ಒಂದು ಮದುವೆಯಲ್ಲಿ, ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಯಾರದೋ ಕಾಲು ತಾಗಿ ಲೈಟಿನ ವೈರು ಕಿತ್ತುಹೋಯಿತು. ಈರಪ್ಪನ ಕ್ಯಾಸೆಟ್ಟಿನಲ್ಲಿ ಅಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಹಾಗೆಂದು ಮನೆಯವರಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲು ಮನಸ್ಸು ಬರಲಿಲ್ಲ. ಹಿಂದಿನ ವರ್ಷ ಹುನಗುಂದದಲ್ಲಿ ತೆಗೆದ ಇನ್ನೊಂದು ಮದುವೆಯ ಅಸಲು ಕ್ಯಾಸೆಟ್ ಕಪಾಟಿನಲ್ಲಿತ್ತು. ಅದರಲ್ಲಿ ತಾಳಿ ಕಟ್ಟುವ ಕೈಗಳು, ಮದುಮಗಳ ಕೊರಳು ಬಹಳ ಹತ್ತಿರದಿಂದ ಬಂದಿದ್ದವು, ಮುಖ ಇರಲಿಲ್ಲ. ಇಬ್ಬರು ಹುಡುಗಿಯರದೂ ಇಳಕಲ್ ಸೀರೆ, ಅದೇ ಕೆಂಪು ಸೆರಗು.

ರಾಜೇಸಾಬ ತೊಡೆ ತಟ್ಟುವುದನ್ನು ನಿಲ್ಲಿಸಿದ. "ಅಣ್ಣಾ, ಇದು ಬ್ಯಾಡ. ಆ ಹುನಗುಂದದ ಮದುಮಗ ತೀರ್ಕೊಂಡಾನ. ಹ್ವಾದ ತಿಂಗಳ ಟ್ರ್ಯಾಕ್ಟರ್ ಪಲ್ಟಿ ಆತಲ್ಲ, ಅದರಾಗ."

"ಬರೇ ಕೈ ಕಾಣ್ತಾವು. ಕೈ ಮ್ಯಾಗ ಹೆಸರ ಬರದಿರ್ತೈತೇನ್ಲೇ?"

"ಹೆಸರಿನ ಮಾತಲ್ಲ. ಹೊಸಾ ಮದಿವಿಗೆ ಈ ತಾಳಿ ಚೊಲೋ ಅಲ್ಲ."

"ನೀ ಸುಮ್ನ ತಾಳಾ ಎಣಸು. ಶಾಸ್ತ್ರ ಹೇಳಾಕ ಮಠದ ಅಯ್ಯನಾರು ಅದಾರ."

ಅವನು ಎಣಿಸಿದ. ನಾಲ್ಕು ಏಟಿನಷ್ಟು ಚಿತ್ರ ಎಳೆದುಕೊಂಡು ಬಾದಾಮಿಯ ಕ್ಯಾಸೆಟ್ಟಿಗೆ ತುಂಬಿದೆ. ಬಾದಾಮಿಯವರು ನೋಡಿ ಸಂತೋಷಪಟ್ಟರು. ಯಾರಿಗೂ ಗೊತ್ತಾಗಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಹುನಗುಂದದ ಆ ಹುಡುಗಿ, ಮಹಾದೇವಿ, ತಾಯಿಯ ಜೊತೆ ಅಂಗಡಿಗೆ ಬಂದಳು. ಗಂಡ ಹೋದ ಮೇಲೆ ತವರಿನಲ್ಲಿದ್ದಳು.

"ಅಣ್ಣಾರ, ಅತ್ತಿಮನ್ಯಾಗ ನಮ್ಮ ಮದಿವಿ ಕ್ಯಾಸೆಟ್ಟಿನ ಮ್ಯಾಲ ಸಿನಿಮಾ ತುಂಬ್ಯಾರ. ನಿಮ್ಮ ಹತ್ರ ಅಸಲ ಇದ್ರ ಒಮ್ಮಿ ತೋರಸ್ರಿ. ಅವರು ತಾಳಿ ಕಟ್ಟಿದ್ದ ನೋಡಬೇಕಾಗೇತಿ."

"ನಾ ಬ್ಯಾಡಂದ್ನಿರಿ, ಕೇಳಂಗಿಲ್ಲ," ಎಂದಳು ತಾಯಿ.

ಟಿವಿಗೆ ಬಿಸಿಲು ಬೀಳದಂತೆ ಬಾಗಿಲು ಮುಂದೆ ಮಾಡಿ ಕ್ಯಾಸೆಟ್ ಹಚ್ಚಿದೆ. ಅರಿಷಿಣ, ಸುರಗಿಯ ಸ್ನಾನ, ಮೆರವಣಿಗೆ ಎಲ್ಲ ಬಂತು. "ಕಾಕಾನ್ನ ನೋಡವ್ವಾ, ರುಮಾಲ ಸುತ್ಕೊಳ್ಳಾಕ ಹೆಂಗ ಒದ್ದಾಡಾಕತ್ತಾನ," ಎಂದು ಮಹಾದೇವಿ ನಕ್ಕಳು. ತಾಳಿ ಕಟ್ಟುವ ಹೊತ್ತು ಬಂತು, ಬಾಜಾ ಜೋರಾಯಿತು, ಟಿವಿ ಕಪ್ಪಾಯಿತು. ಬಾಜಾ, ಜನರ ಗದ್ದಲ ಹಾಗೇ ಕೇಳುತ್ತಿತ್ತು. ಮತ್ತೆ ಚಿತ್ರ ಬಂದಾಗ ತಾಳಿ ಕಟ್ಟಿ ಆಗಿತ್ತು. ನಾನು ಮೂಲೆಯಲ್ಲಿ ಕೂತಿದ್ದ ರಾಜೇಸಾಬನ ಮುಖ ನೋಡಿದೆ. ನಾವು ಎಳೆದುಕೊಂಡದ್ದು ಎಷ್ಟೋ ಅಷ್ಟೇ ಹೋಗಿತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ತುಂಬಿದರೆ ಮೂಲದ್ದು ಅಳಿಯುವುದಿಲ್ಲ. ಇದು ಈ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಮೇಲೆ ಬೇರೆ ತುಂಬಲು ಬಾರದಂತೆ ಅದರ ಅಂಚಿನ ಪ್ಲಾಸ್ಟಿಕ್ ಚೂರನ್ನು ನಾನೇ ಮುರಿದಿಟ್ಟಿದ್ದೆ. ಟೇಪು ಓದುವ ಹೆಡ್ ಒರೆಸಿದೆ. ವಿಸಿಆರ್ ಬದಲಿಸಿದೆ. ಕಪ್ಪು ಹೋಗಲಿಲ್ಲ.

"ಸರಿ ಮಾಡಿ ಕೊಡ್ತೇನವ್ವಾ, ಮುಂದಿನ ವಾರ ಬಾ" ಎಂದು ಕಳಿಸಿದೆ.

ಬಾದಾಮಿಗೆ ಹೋಗಿ, ರಿಪೇರಿಯ ನೆವ ಹೇಳಿ ಅವರ ಕ್ಯಾಸೆಟ್ ಕೇಳಿದೆ. ಮದುಮಗಳಾಗಿದ್ದ ಹುಡುಗಿ ಈಗ ಬಸುರಿ. ಗಂಡ ಪಕ್ಕದಲ್ಲೇ ನಿಂತಿದ್ದ. "ತಾಳಿ ಕಟ್ಟುವಾಗ ನನ್ನ ಕೈ ಒಂಚೂರ ನಡಗಿಲ್ಲ, ನೋಡೀರಿಲ್ಲೋ?" ಎಂದು ನಕ್ಕ. "ಖರೆ ಕೈ ನಡಗಿದ್ದು ನನಗ ಗೊತ್ತೈತಿ. ಕ್ಯಾಸೆಟ್ಟಿನಾಗ ಹೆಂಗ ಕಾಣವಲ್ದೋ ಏನೋ," ಎಂದಳು ಅವಳು. ನಾನು ತಲೆ ತಗ್ಗಿಸಿ ಕ್ಯಾಸೆಟ್ ಇಸಿದುಕೊಂಡೆ.

ಅಂಗಡಿಯಲ್ಲಿ ಹಚ್ಚಿ ನೋಡಿದರೆ ಆ ಕೈಗಳು ಅದರಲ್ಲಿ ಸ್ವಚ್ಛವಾಗಿದ್ದವು. ಬೇರೊಂದು ಕ್ಯಾಸೆಟ್ಟಿಗೆ ತುಂಬಿ ಮಹಾದೇವಿಗೆ ಕೊಟ್ಟರೆ ಆಯಿತು, ಒಂದು ಗುಂಡಿಯ ಕೆಲಸ. ಬೆರಳು ಇಟ್ಟೆ. ಒತ್ತಲು ಆಗಲಿಲ್ಲ. ಎಳೆದುಕೊಂಡ ಮೇಲೆ ಇಲ್ಲಿಯೂ ಕಪ್ಪಾದರೆ? ಬಾದಾಮಿಯ ಆ ನಗುವ ಹುಡುಗನಿಗೆ ಏನಾದರೂ ಆದರೆ? ಫ್ಯೂಜ್ ನೋಡ್ರಿ ಎನ್ನುತ್ತಿದ್ದ ನಾನೇ ಹೀಗೆ ಹೆದರಿ ಕೂತಿದ್ದೆ.

"ನೀನರ ಒತ್ತಲೇ," ಎಂದೆ ರಾಜೇಸಾಬನಿಗೆ.

"ನಾ ಒಲ್ಲೆ," ಎಂದ.

ಕ್ಯಾಸೆಟ್ ಹಾಗೇ ಬಾದಾಮಿಗೆ ಮರಳಿಸಿ ಬಂದೆ.

ಮಹಾದೇವಿ ಬಂದಾಗ, ಟೇಪು ಹಾಳಾಗಿದೆ, ಏನೂ ಮಾಡಲು ಬರುವುದಿಲ್ಲ ಎಂದು ಸುಳ್ಳು ಹೇಳಿದೆ. ಅವಳು ಸಿಟ್ಟಾಗಲಿಲ್ಲ. "ಆ ಜಾಗಾ ಇನ್ನೊಮ್ಮಿ ಹಚ್ಚರಿ ಅಣ್ಣಾರ, ಸಪ್ಪಳರ ಕೇಳ್ತೇನಿ," ಎಂದಳು. ಹಚ್ಚಿದೆ. ಕಪ್ಪು ಟಿವಿಯ ಮುಂದೆ ಕಣ್ಣು ಮುಚ್ಚದೆ ಕೂತಿದ್ದಳು. ಬಾಜಾದ ನಡುವೆ ಯಾರೋ ಸಣ್ಣಗೆ ಕೆಮ್ಮಿದರು.

"ಈಗ ಕೆಮ್ಮಿದ್ರಲ್ಲಾ, ಅದು ಅವರು," ಎಂದಳು.

ಮತ್ತೆ ಹಚ್ಚಲು ಹೇಳಿದಳು. ಎಷ್ಟು ಸಲವೋ ಹಚ್ಚಿದೆ. ಆಮೇಲೆ ಆ ಕ್ಯಾಸೆಟ್ಟನ್ನು ಅವಳಿಗೇ ಕೊಟ್ಟುಬಿಟ್ಟೆ.

ಆ ಚಿತ್ರ ಹೇಗೆ ಹೋಯಿತೆಂದು ಎಷ್ಟೋ ಮೆಕ್ಯಾನಿಕರನ್ನು ಕೇಳಿದ್ದೇನೆ. ಹಾಗಾಗಲು ಸಾಧ್ಯವಿಲ್ಲ ಎನ್ನುತ್ತಾರೆ. ನನಗೂ ಗೊತ್ತು, ಸಾಧ್ಯವಿಲ್ಲ. ಬಾದಾಮಿಯವರು ಮಕ್ಕಳುಮರಿಯೊಂದಿಗೆ ಚೆನ್ನಾಗಿದ್ದಾರೆ. ಅದನ್ನು ಕೇಳಿದಾಗಲೆಲ್ಲ ಸಮಾಧಾನವಾಗುತ್ತದೆ, ಮರುಕ್ಷಣವೇ ಆ ಕೆಮ್ಮು ಕೇಳಿಸುತ್ತದೆ.