ಅಕ್ಕನ ಪಾಲಿನ ಲಿವರ್

ನನ್ನ ಅಕ್ಕನಿಗೆ ಎರಡು ಹೆಸರು. ಒಂದು ಧಾರವಾಡದಲ್ಲಿ ತೊಟ್ಟಿಲಿಗೆ ಹಾಕಿದ ದಿನ ಇಟ್ಟದ್ದು. ಇನ್ನೊಂದು ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಭಾವನ ಕೈಗೆ ಉಂಗುರ ಕೊಟ್ಟು ಆ ಅಕ್ಕಿಯ ಮೇಲೆ ಬರೆಸಿದ್ದು. ನಮ್ಮ ಕಡೆ ಇದು ಹೊಸದಲ್ಲ. ಅಕ್ಕನ ಹೆಸರೂ ಅವಳ ಅತ್ತೆಯ ಹೆಸರೂ ಒಂದೇ ಆಗಿದ್ದರಿಂದ ಬದಲಿಸಲೇಬೇಕಿತ್ತು. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಬೈಯುವುದಾದರೂ ಹೇಗೆ? ನನಗಾಗ ಹದಿನಾಲ್ಕು ವರ್ಷ. ನಡುವೆ ನುಗ್ಗಿ ಆ ಅಕ್ಷರಗಳನ್ನೆಲ್ಲ ಕೈಯಿಂದ ಅಳಿಸಿಬಿಟ್ಟೆ. ಅವ್ವ ಬೀಗರೆದುರೇ ತಲೆಗೆ ಮೊಟಕಿದಳು. ಆ ಹೊಸ ಹೆಸರನ್ನು ಸತ್ತರೂ ಬಾಯಲ್ಲಿ ಆಡುವುದಿಲ್ಲ ಎಂದು ಅವತ್ತೇ ಹಟ ಹಿಡಿದೆ. ನನ್ನ ಹಟ ಎಂಥದ್ದೆಂದು ನಮ್ಮ ಓಣಿಗೆಲ್ಲ ಗೊತ್ತು.

ಭಾವನಿಗೆ ವಿಶಾಖಪಟ್ಟಣದ ಬಂದರಿನ ಕಚೇರಿಯಲ್ಲಿ ನೌಕರಿ. ಅಕ್ಕ ಅಲ್ಲಿಗೆ ಹೋದಳು, ನಾನು ಧಾರವಾಡದಲ್ಲಿ ಉಳಿದು ಓದಿ ಬ್ಯಾಂಕು ಸೇರಿದೆ, ಮದುವೆಯಾಗಲಿಲ್ಲ. ಆಂಧ್ರಕ್ಕೆ ಯಾರು ಹೋಗುತ್ತೀರಿ ಎಂದು ಕೇಳಿದಾಗ ನಮ್ಮ ಕಚೇರಿಯಲ್ಲಿ ಕೈ ಎತ್ತಿದವಳು ನಾನೊಬ್ಬಳೇ. ವಿಶಾಖಪಟ್ಟಣ ಕೇಳಿದೆ, ವಿಜಯವಾಡ ಕೊಟ್ಟರು. ರೈಲಿನಲ್ಲಿ ಆರು ತಾಸು. ಇರಲಿ, ಧಾರವಾಡಕ್ಕಿಂತ ಹತ್ತಿರವಾಯಿತಲ್ಲ ಎಂದು ಪೆಟ್ಟಿಗೆ ಕಟ್ಟಿದೆ.

ಅಲ್ಲಿನ ಹಳೇ ಪೇಟೆ ಒನ್ ಟೌನಿನ ಶಾಖೆಯಲ್ಲಿ ಇಡೀ ದಿನ ಸಗಟು ವ್ಯಾಪಾರಿಗಳ ಜೊತೆ ತೆಲುಗಿನಲ್ಲಿ ಹೊಡೆದಾಡುತ್ತಿದ್ದೆ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಎಂದು ಬಂದವರನ್ನು ಮುಲಾಜಿಲ್ಲದೆ ವಾಪಸು ಕಳಿಸುತ್ತಿದ್ದೆ. ಹೋಗಿ ಅಫಿಡವಿಟ್ ತನ್ನಿ ಅನ್ನುತ್ತಿದ್ದೆ. ಸಂಜೆ ಮನೆಗೆ ಬಂದು ಚಹಾಕ್ಕಿಟ್ಟು ಅಕ್ಕನಿಗೆ ಫೋನು. ಅವಳ ಹಳೆಯ ಹೆಸರನ್ನು ಕರೆದು, "ಏನ ನಡಿಸೀದಿ?" ಎಂದರೆ ಆ ಕಡೆಯಿಂದ ನಗು. ಆ ನಗು ಕೇಳಿದರೆ ನನ್ನ ದಿನ ಮುಗಿದಂತೆ.

ನಾಲ್ಕು ವರ್ಷದ ಹಿಂದೆ ಆ ನಗು ಸೋಲತೊಡಗಿತು. ಕಣ್ಣು ಹಳದಿ, ಕಾಲು ಬಾವು, ಹೊಟ್ಟೆಯಲ್ಲಿ ನೀರು. ವಿಶಾಖಪಟ್ಟಣದ ಆಸ್ಪತ್ರೆಯೊಂದರಲ್ಲಿ ವೈದ್ಯರು ಕಾಗದದ ಹಿಂಬದಿಗೆ ಚಿತ್ರ ಬರೆದು ತೋರಿಸಿದರು. ಬಲ ಪಕ್ಕೆಲುಬಿನ ಕೆಳಗೆ ಲಿವರ್. ಅದರ ತಳಕ್ಕೆ ಅಂಟಿಕೊಂಡ ಎಳೆ ಬದನೆಕಾಯಿಯಷ್ಟು ಪಿತ್ತಕೋಶ. ಜಠರದ ಹಿಂದೆ ಅಡ್ಡ ಮಲಗಿದ ಮೇದೋಜ್ಜೀರಕ ಗ್ರಂಥಿ, ಅದರ ಬಾಲ ಮುಟ್ಟುವಲ್ಲಿ, ಎಡಗಡೆ, ಗುಲ್ಮ, ಅಂದರೆ ಸ್ಪ್ಲೀನ್. ಕರುಳಿನ ರಕ್ತ, ಗುಲ್ಮದ ರಕ್ತ ಎಲ್ಲ ಒಂದು ದೊಡ್ಡ ನಾಳದಲ್ಲಿ ಕೂಡಿ ಲಿವರಿಗೆ ಹೋಗಬೇಕಂತೆ. ಅಕ್ಕನ ಲಿವರ್ ಕಲ್ಲಾಗಿ ಅದನ್ನು ಒಳಗೇ ಬಿಡುತ್ತಿರಲಿಲ್ಲ. ರಕ್ತ ಹಿಂದೆಯೇ ನಿಂತು ಗುಲ್ಮ ಊದಿಕೊಂಡಿತ್ತು. ಸಿಗ್ನಲ್ ಕೆಟ್ಟ ಸಂಜೆಯ ವಿಜಯವಾಡದ ಬೆಂಜ್ ಸರ್ಕಲ್ ನನ್ನ ಕಣ್ಣ ಮುಂದೆ ಬಂತು.

"ಬೇರೆ ಲಿವರ್ ಹಾಕದಿದ್ದರೆ ಉಳಿಯುವುದಿಲ್ಲ" ಎಂದರು ವೈದ್ಯರು. ಭಾವನ ರಕ್ತದ ಗುಂಪು ಹೊಂದಲಿಲ್ಲ. ಅವರಿಗೆ ಮಕ್ಕಳಿಲ್ಲ. ನನ್ನದು ಹೊಂದಿತು. ನನ್ನ ಲಿವರಿನ ಬಲಭಾಗ, ಅರ್ಧಕ್ಕಿಂತ ಹೆಚ್ಚೇ, ಅಕ್ಕನಿಗೆ. ಕೆಲವು ತಿಂಗಳಲ್ಲಿ ಇಬ್ಬರಲ್ಲೂ ಅದು ಹೆಚ್ಚೂಕಡಿಮೆ ಪೂರ್ತಿ ಬೆಳೆಯುತ್ತದಂತೆ. ಇಂಥ ಅಂಗವೊಂದು ನನ್ನೊಳಗಿದೆ ಎಂದು ಐವತ್ತರ ಹತ್ತಿರ ಬರುವವರೆಗೆ ನನಗೆ ಗೊತ್ತೇ ಇರಲಿಲ್ಲ, ನೋಡಿ!

"ಕೊಡುವವರ ಪಿತ್ತಕೋಶವನ್ನೂ ತೆಗೆಯಬೇಕಾಗುತ್ತದೆ, ಅದು ಮತ್ತೆ ಬೆಳೆಯುವುದಿಲ್ಲ" ಎಂದರು ವೈದ್ಯರು. ಅಕ್ಕ ಮಲಗಿದಲ್ಲಿಂದಲೇ ಕಣ್ಣು ಮಿಟುಕಿಸಿದಳು.

"ಛಲೋ ಆತು ಬಿಡು. ಇನ್ನ ಮ್ಯಾಲೆ ನಿನ್ನ ಪಿತ್ತ ನೆತ್ತಿಗೇರೂದು ತಪ್ಪತದ."

"ಬಾಯ್ ಮುಚ್ಚಿ ಮಲಗ್ತೀಯೋ ಇಲ್ಲೋ?" ಎಂದೆ. ಅಳು ಬರುತ್ತಿತ್ತು, ಅದಕ್ಕೇ ಬೈದೆ.

ಊರಿನ ಸಂಬಂಧಿಕರಿಗೆ ಸುದ್ದಿ ಮುಟ್ಟಿತು. ಒಬ್ಬಾಕೆ ಫೋನು ಮಾಡಿ, "ಲಿವರ್ ಹ್ವಾದದ್ದು ಅಂದ್ರ... ಏನರ ಕುಡಿಯೂ ಚಟ ಇತ್ತೇನs?" ಎಂದಳು. "ಹೌದ್ರೀ, ದಿನಾ ಮೂರು ಲೋಟ ಮಜ್ಜಿಗಿ" ಎಂದು ಇಟ್ಟುಬಿಟ್ಟೆ.

ನನ್ನ ಲಿವರಿನಲ್ಲಿ ಕೊಬ್ಬಿತ್ತು. ಆರು ಕಿಲೋ ಇಳಿಯಬೇಕು ಎಂದರು. ವಿಜಯವಾಡಕ್ಕೆ ಬಂದು ಬೆಳಿಗ್ಗೆ ಕೃಷ್ಣೆಯ ದಂಡೆಗುಂಟ, ಸಂಜೆ ಮನೆಯ ತಾರಸಿಯ ಮೇಲೆ ನಡೆದೆ. ಬಿಸಿ ಅನ್ನಕ್ಕೆ ಗೋಂಗೂರ ಚಟ್ನಿ, ಮೇಲೆ ತುಪ್ಪ, ಆ ಸುಖವನ್ನೇ ಬಿಟ್ಟೆ. ಧಾರವಾಡದಿಂದ ಬಂದ ಪೇಢೆಯ ಡಬ್ಬಿಯನ್ನು ಬಿಚ್ಚದೆ ಶಾಖೆಯಲ್ಲಿ ಹಂಚಿದೆ. ಹತ್ತು ವಾರದಲ್ಲಿ ಆರು ಕಿಲೋ ಕರಗಿತು. ಜನ್ಮದಲ್ಲಿ ಯಾವುದಕ್ಕೂ ಅಷ್ಟು ಕಷ್ಟಪಟ್ಟವಳಲ್ಲ. ಅಕ್ಕನಿಗೆ ಕೊಡುವ ವಸ್ತು ಚೊಕ್ಕವಾಗಿರಬೇಡವೇ?

ಉಳಿದದ್ದು ಒಂದೇ ಕೆಲಸ. ಅಂಗ ಮಾರುವ ದಂಧೆ ನಡೆಯಬಾರದೆಂದು ಒಂದು ಸಮಿತಿ ಇರುತ್ತದೆ. ಕೊಡುವವರನ್ನು ಕ್ಯಾಮೆರಾದೆದುರು ಕೂರಿಸಿ ಪ್ರಶ್ನೆ ಕೇಳಿ ಒಪ್ಪಿಗೆ ಕೊಡುತ್ತದೆ. ಅಕ್ಕನ ಕಡೆಯ ಕಾಗದವನ್ನೆಲ್ಲ ಭಾವ ಜೋಡಿಸಿದ್ದರು. ನಾನು ನನ್ನ ಅರ್ಜಿ ತುಂಬಿ ಒಳಗೆ ಹೋದೆ. ಮೂವರು ಕೂತಿದ್ದರು.

"ನಿಮ್ಮ ಅಕ್ಕನ ಹೆಸರು?"

ಹೇಳಿದೆ. ತೊಟ್ಟಿಲಿನ ಹೆಸರು. ಅರ್ಜಿಯಲ್ಲಿ ಬರೆದದ್ದೂ ಅದನ್ನೇ.

ಹಿರಿಯರೊಬ್ಬರು ಕನ್ನಡಕ ಏರಿಸಿ ಫೈಲು ನೋಡಿದರು. ಮದುವೆಯ ಹೆಸರನ್ನು ಓದಿ, "ಈ ಪೇಷಂಟ್ ನಿಮ್ಮ ಅಕ್ಕನೇ ಅಲ್ಲವೇ?" ಎಂದು ತೆಲುಗಿನಲ್ಲಿ ಕೇಳಿದರು.

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ನನಗೆ ಎಲ್ಲಿತ್ತೋ ಸಿಟ್ಟು. "ಅದಿ ಆಮೆ ಪೇರು ಕಾದಂಡಿ!" ಎಂದುಬಿಟ್ಟೆ. ಅದು ಅವಳ ಹೆಸರಲ್ಲ! ಕ್ಯಾಮೆರಾ ಓಡುತ್ತಿತ್ತು.

ಮೂವರೂ ಪೆನ್ನು ಕೆಳಗಿಟ್ಟರು. ಆಮೇಲೆ ನಾನು ಎಷ್ಟು ಹೇಳಿದರೇನು? ಅಕ್ಕಿ, ಉಂಗುರ, ಅತ್ತೆಯ ಹೆಸರು ಎಂದು ತೊದಲಿದೆ. "ಮದುವೆಯಾದರೆ ಇಂಟಿಪೇರು ಬದಲಾಗುತ್ತದೆ, ಇಟ್ಟ ಹೆಸರನ್ನೇ ಯಾರಮ್ಮಾ ಬದಲಿಸುತ್ತಾರೆ?" ಎಂದರು ಅವರು. ಅಡ್ಡಹೆಸರು ಬದಲಾಗುವುದಷ್ಟೇ ಅವರಿಗೆ ಗೊತ್ತು. ಅವರ ತಪ್ಪೇನು? ಅವರ ಜಾಗದಲ್ಲಿ ನಾನಿದ್ದರೂ ಅಫಿಡವಿಟ್ ತನ್ನಿ ಅನ್ನುತ್ತಿದ್ದೆ. ಇಪ್ಪತ್ತೈದು ವರ್ಷ ಜನರಿಗೆ ಅದನ್ನೇ ಹೇಳುತ್ತ ಬಂದವಳು, ನನ್ನ ಮನೆಯ ಕಾಗದ ಮಾತ್ರ ನೋಡಲಿಲ್ಲ. ಎಂಥ ಆಫೀಸರ್ ನಾನು, ಮಣ್ಣು!

ಇಬ್ಬರ ರಕ್ತವನ್ನೂ ಡಿಎನ್‌ಎ ಪರೀಕ್ಷೆಗೆ ಕಳಿಸಿ ಎಂದರು. ವರದಿ ಬರುವವರೆಗೆ ಆಪರೇಷನ್ ಇಲ್ಲ.

ಭಾವ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಕ್ಕನ ಮಂಚದ ಬಳಿ ಕೂತು ನಡೆದದ್ದನ್ನು ನಾನೇ ಹೇಳಿದೆ. ಅವಳು ನಕ್ಕು, ನಗಲಾರದೆ ಹೊಟ್ಟೆ ಹಿಡಿದುಕೊಂಡಳು.

"ಹುಚ್ಚೀ, ಮೂವತ್ತ ವರ್ಷದ ಮ್ಯಾಲಾತಲ್ಲs, ಇನ್ನೂ ಇಳೀಲಿಲ್ಲೇನ ನಿನ್ನ ಸಿಟ್ಟು?"

"ನಂದ ತಪ್ಪು ಅಕ್ಕಾ. ಬೇಕಾದ್ರ ಈಗ ಕರೀತೀನಿ ಆ ಹೆಸರಿಲೆ, ನೂರು ಸಲ."

"ಬ್ಯಾಡವಾ." ಅವಳು ನನ್ನ ಕೈ ಹಿಡಿದಳು. ಅಂಗೈ ಕೆಂಡದಂತಿತ್ತು. "ಇಲ್ಲೆ ಎಲ್ಲಾರೂ ಅದರಿಲೇ ಕರೀತಾರ. ಅವ್ವಾ ಹ್ವಾದ ಮ್ಯಾಲೆ ನನ್ನ ಹೆಸರು ನಿನ್ನ ಬಾಯಾಗಷ್ಟs ಉಳದದ. ಸಂಜೀಕ ಅದನ್ನ ಕೇಳಬೇಕಂತನs ಫೋನ್ ಹಿಡಕೊಂಡು ಕೂತಿರ್ತಿದ್ದೆ."

ಆ ಕೈಯ ಬಿಸಿ ಜ್ವರದ್ದು ಎಂದು ನನಗೆ ಹೊಳೆಯಲಿಲ್ಲ. ಹೊಟ್ಟೆಯ ನೀರಿಗೆ ಸೋಂಕು ತಗಲಿತ್ತು. ಮರುದಿನ ಐಸಿಯುಗೆ ಒಯ್ದರು. ಸೋಂಕು ಇಳಿಯದೆ ಕತ್ತಿ ಹಚ್ಚುವಂತಿಲ್ಲ ಎಂದರು. ರಕ್ತ ಕಳಿಸಿದ ಒಂಬತ್ತನೆಯ ದಿನ ವರದಿ ಬಂತು: ಇಬ್ಬರೂ ಒಂದೇ ತಂದೆತಾಯಿಯ ಮಕ್ಕಳು. ಸಮಿತಿ ಅವತ್ತೇ ಸಹಿ ಹಾಕಿತು. ಹತ್ತನೆಯ ದಿನ ಮಧ್ಯಾಹ್ನ ಅಕ್ಕ ಹೋದಳು.

ಒಂಬತ್ತು ದಿನ ಮೊದಲೇ ಆಪರೇಷನ್ ಆಗಿದ್ದರೂ ಉಳಿಯುತ್ತಿದ್ದಳೆಂದು ಹೇಳಲಾಗದು ಎಂದು ವೈದ್ಯರು ನನ್ನ ಹೆಗಲು ತಟ್ಟಿದರು. ಒಳ್ಳೆಯವರು. ನಾನು ನಂಬಿಲ್ಲ.

ಕೆಲವರು, ದೇವರು ದೊಡ್ಡವನು, ನಿನ್ನ ಹೊಟ್ಟೆ ಕೊಯ್ಯುವುದಾದರೂ ತಪ್ಪಿತು ಎಂದು ಸಮಾಧಾನ ಹೇಳುತ್ತಾರೆ. ಅವರ ಕೆನ್ನೆಗೆ ಬಾರಿಸಬೇಕೆನಿಸುತ್ತದೆ. ಸ್ನಾನ ಮಾಡುವಾಗ ಬಲ ಪಕ್ಕೆಯ ಕೆಳಗೆ ಕೈ ಆಡಿಸುತ್ತೇನೆ. ನುಣ್ಣಗಿದೆ. ಅಲ್ಲಿ ಒಂದು ಉದ್ದನೆಯ ಗಾಯದ ಗುರುತು ಇರಬೇಕಿತ್ತು, ಮಳೆಗಾಲದಲ್ಲಿ ಅದು ತುರಿಸಬೇಕಿತ್ತು, ಅಕ್ಕನಿಗೂ ಅಲ್ಲಿ ಅದೇ ಹೊತ್ತಿಗೆ ತುರಿಸಬೇಕಿತ್ತು. ನನಗೆ ಆ ಗುರುತು ಬೇಕು. ಈಗಲೂ ಬೇಕು.

ಹೋದ ತಿಂಗಳು ಬ್ಯಾಂಕಿನವರು ಎಲ್ಲರಿಗೂ ಆರೋಗ್ಯ ತಪಾಸಣೆ ಮಾಡಿಸಿದರು. ಬೆಂಜ್ ಸರ್ಕಲ್ ಹತ್ತಿರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ, ವೈದ್ಯೆಯೊಬ್ಬಳು ಪರದೆ ನೋಡುತ್ತ ಪಕ್ಕದವಳಿಗೆ ಬರೆಸಿದಳು. ಲಿವರ್ ನಾರ್ಮಲ್, ಕೊಬ್ಬಿಲ್ಲ. ಗಾಲ್‌ಬ್ಲಾಡರ್ ನಾರ್ಮಲ್, ಕಲ್ಲಿಲ್ಲ. ಪ್ಯಾಂಕ್ರಿಯಾಸ್ ನಾರ್ಮಲ್. ಸ್ಪ್ಲೀನ್ ನಾರ್ಮಲ್. ನನ್ನ ಕಣ್ಣಿಂದ ನೀರು ಕಿವಿಯೊಳಗೆ ಇಳಿಯುತ್ತಿತ್ತು.

"ಅಯ್ಯೋ, ಏಡುಸ್ತುನ್ನಾರೇಮಂಡಿ?" ಅವಳು ಗಾಬರಿಯಾದಳು. ಯಾಕೆ ಅಳುತ್ತೀರಿ, ಎಲ್ಲ ಚೆನ್ನಾಗಿದೆಯಲ್ಲ, ಎಲ್ಲ ಪೂರ್ತಿ ಇದೆಯಲ್ಲ ಎಂದಳು.

"ಅದೇ ಅಮ್ಮಾ," ಎಂದೆ, "ಎಲ್ಲ ಪೂರ್ತಿ ಇದೆ."