ಬಕೆಟ್ ಧನ್ವಂತರಿ

ಇಂಗ್ಲೆಂಡಿನ ಕಾರ್ನ್‌ವಾಲ್‌ನ ಟ್ರೆಗಾರಿಕ್ ರಗ್ಬಿ ಕ್ಲಬ್ಬಿಗೆ ಮೂವತ್ತು ವರ್ಷ ವಿಲ್ಫ್ ಟ್ರೆಂಬಾತನೇ ಧನ್ವಂತರಿ. ಒಂದು ಬಕೆಟ್ ತಣ್ಣೀರು, ಒಂದು ಸ್ಪಂಜು, ಇಷ್ಟೇ ಔಷಧ. ಕಾಲು ಉಳುಕಿದರೂ ಮೂಗು ಒಡೆದರೂ ಕತ್ತಿನ ಹಿಂದೆ ಅದನ್ನೇ ಹಿಂಡುತ್ತಿದ್ದ. ಓದಿ ಬಂದ ಫಿಸಿಯೋ ನೇಮಕವಾದ ಮೇಲೆ ಅವನು ಮೈದಾನದ ಗೆರೆ ದಾಟುವಂತಿರಲಿಲ್ಲ. ಆದರೂ ಪ್ರತಿ ಶನಿವಾರ ಬಕೆಟ್ ತುಂಬಿಸಿಕೊಂಡು ಕಾಯುತ್ತಿದ್ದ, ಒಮ್ಮೆಯಾದರೂ ಕರೆದಾರು ಎಂದು.

ಜನವರಿಯ ಕೊರೆಯುವ ಚಳಿಯ ಒಂದು ಪಂದ್ಯದಲ್ಲಿ ಕುಂಭಕರ್ಣ ಗಾತ್ರದ ಆಟಗಾರ ಡೆನ್ಜಿಲ್ ಕೆಸರಿನಲ್ಲಿ ಮಲಗಿಬಿಟ್ಟ. ಫಿಸಿಯೋ ಮಂಡಿ ಒತ್ತಿದಳು, ಬೆನ್ನು ಒತ್ತಿದಳು. ಗಾಯವೇನೂ ಇಲ್ಲ, ಆಸಾಮಿ ಏಳಲೂ ಒಲ್ಲ.

"ವಿಲ್ಫ್, ಸ್ವಲ್ಪ ಬರ್ತೀರಾ?" ಎಂದಳು ಸೋತು.

ಬಕೆಟ್ಟಿನ ಹಿಡಿ ಕಿರುಗುಟ್ಟಿತು. ಡೆನ್ಜಿಲ್ ಎದ್ದು ನಿಂತ.

"ವಾಸಿಯಾಯ್ತು ಮಾರಾಯ. ಅದನ್ನ ಅಲ್ಲೇ ಇಡು."

ಹನಿಯೂ ಚೆಲ್ಲದ ಬಕೆಟ್ ಹಿಡಿದು ವಿಲ್ಫ್ ರಾಜಗಾಂಭೀರ್ಯದಿಂದ ಹಿಂತಿರುಗಿದ.

"ಈ ಡೆನ್ಜಿಲ್ ಅಪ್ಪನೂ ಹೀಗೇ ಕಣಮ್ಮ," ಎಂದ ಫಿಸಿಯೋಗೆ. "ನಾನು ಅರ್ಧ ದಾರಿ ಬರೋದ್ರೊಳಗೆ ವಾಸಿಯಾಗ್ಬಿಡ್ತಿದ್ದ."