ಕೋಸಿನ ದೊರೆ ಹ್ಯಾಂಬರ್ಗ್‌ನಲ್ಲಿಲ್ಲ

ಕೊರ್ಬಿನಿಯಾನ್ ಆಶೆನ್‌ಬ್ರೆನ್ನರ್ ಸೂಟು, ಟೈ, ಮಿರಮಿರ ಬೂಟು ಸಮೇತ ಕಾಲುವೆಗೆ ಇಳಿದ. ಇಳಿದ ಅನ್ನುವುದು ನಮ್ಮ ದಾಕ್ಷಿಣ್ಯ. ಬಿದ್ದ ಅನ್ನುವುದು ನಿಜ.

ತಪ್ಪು ಅವನದಲ್ಲ. ಫೆಬ್ರವರಿಯ ಶನಿವಾರ ನಮ್ಮ ಅಂಗಡಿಯವರೆಲ್ಲ ಸೇರಿ ಕೋಸಿನ ಊಟ ಅಂದಾಗ, ಹಿಂದಿನ ಸಲ ಜ್ವರದಲ್ಲಿ ಮಲಗಿ ಇದನ್ನು ನೋಡದ ಮ್ಯೂನಿಕ್‌ನವನು ಬರೀ ಊಟ ಅಂದುಕೊಂಡ. ಉತ್ತರ ಜರ್ಮನಿಯ ನಮ್ಮ ಓಲ್ಡನ್‌ಬರ್ಗ್‌ನಲ್ಲಿ ಊಟಕ್ಕೆ ಮೊದಲು ಕೊರೆಯುವ ಚಳಿಯಲ್ಲಿ ನಡೆಯಬೇಕು. ಮದ್ಯದ ಬಾಟಲಿ ತುಂಬಿದ ಕೈಗಾಡಿ ಎಳೆಯಬೇಕು, ಕೊರಳಿಗೆ ದಾರದಲ್ಲಿ ಪುಟ್ಟ ಗ್ಲಾಸು ಕಟ್ಟಿಕೊಂಡಿರಬೇಕು, ಹೊಲದ ನಡುವಿನ ರಸ್ತೆಯಲ್ಲಿ ಭಾರದ ಚೆಂಡು ಉರುಳಿಸುತ್ತ ಸಾಗಬೇಕು. ಆ ಚೆಂಡು ಕಾಲುವೆಗೆ ಹೋಯಿತು. ಉದ್ದ ಕೋಲಿನ ಬುಟ್ಟಿಯಿಂದ ಅದನ್ನು ಎತ್ತಿ ಶಹಬ್ಬಾಸ್ ಅನ್ನಿಸಿಕೊಳ್ಳಲು ಬಾಗಿದವನು ಸೊಂಟದವರೆಗೆ ನೀರಲ್ಲಿ ನಿಂತ.

"ಮೊಯಿನ್," ಅಂದ ದಡದ ಮೇಲಿಂದ ನಮ್ಮ ಅಂಗಡಿಯ ಐಲರ್ಟ್ ಗೆರ್ಡೆಸ್, ಪೇಟೆಬೀದಿಯಲ್ಲಿ ಎದುರಾದವರಿಗೆ ನಮಸ್ಕಾರ ಹೇಳುವ ಹಾಗೆ. "ತಣ್ಣಗಿದೆಯಾ?"

"ಇದೆ."

"ಫೆಬ್ರವರಿ ಅಲ್ವಾ."

ಇಷ್ಟು ಹೇಳಿ ಐಲರ್ಟ್ ತನ್ನ ಪ್ಯಾಂಟು ಬಿಚ್ಚಿ ಕೊಟ್ಟ. ಗಾಬರಿ ಬೇಡ, ಒಳಗೆ ಇನ್ನೊಂದಿತ್ತು. ಎರಡು ಪ್ಯಾಂಟು ಹಾಕಿಕೊಂಡು ಊಟಕ್ಕೆ ಹೊರಡುವ ಊರು ನಮ್ಮದು.

ಕೊರ್ಬಿನಿಯಾನ್ ಎರಡು ವರ್ಷದ ಹಿಂದೆ ನಮ್ಮ ಕಿವಿಯಂತ್ರದ ಅಂಗಡಿಗೆ ಬಂದವನು. ಕಿವಿ ಕೇಳದವರಿಗೆ ಯಂತ್ರ ಕೂರಿಸುವುದು ಅವನ ಕೆಲಸ. ಮೊದಲ ವಾರ ಬೆಟ್ಟವಿಲ್ಲ, ಅರಮನೆ ಪುಟ್ಟದು ಅಂತೆಲ್ಲ ಮುಖ ಸಿಂಡರಿಸಿ, "ನಿಮ್ಮೂರಲ್ಲಿ ನೋಡೋಕೆ ಏನಿದೆ?" ಅಂತ ಅಂಗಡಿಯ ಒಡತಿ ಫೆನ್ನಾ ಓಂಕೆನ್‌ಳನ್ನು ಕೇಳಿದ್ದ.

"ಮಳೆ ಇದೆ," ಅಂದಿದ್ದಳು ಫೆನ್ನಾ. "ಸ್ವಲ್ಪ ನಿಂತರೆ, ಅದು ನಿಂತದ್ದನ್ನೂ ನೋಡಬಹುದು."

ಅವನೂ ನಿಂತ. ನಮ್ಮೂರ ರೂಢಿಯಂತೆ ಕಲ್ಲುಸಕ್ಕರೆಯ ಮೇಲೆ ಬಿಸಿ ಚಹಾ ಸುರಿದಾಗ ಏಳುವ ಚಿಟಚಿಟ ಸದ್ದು ಹಿಡಿಸಿತು. ಕಿವಿಯಂತ್ರ ಕೂರಿಸಿದ ಮೇಲೆ ಗಿರಾಕಿಗಳ ಮುಂದೆ ಒಂದು ಕಪ್ಪು ಚಹಾ ಸುರಿಯುವುದು ಅವನ ಪದ್ಧತಿಯಾಯಿತು. ಎಷ್ಟೋ ವರ್ಷಕ್ಕೆ ಆ ಚಿಟಚಿಟ ಕೇಳಿದ ಒಬ್ಬ ಅಜ್ಜಿ ಬೇರೇನೂ ಕೇಳದೆ ಇನ್ನೊಂದು ಕಪ್ಪು ಕೇಳಿದಳು. ಆ ದಿನ ಅವನು ಮಳೆಯಲ್ಲಿ ಸಿಳ್ಳೆ ಹಾಕುತ್ತ ಸೈಕಲ್ ತುಳಿದದ್ದನ್ನು ನಾವೆಲ್ಲ ನೋಡಿದೆವು.

ಒಂದು ಸಂಗತಿ ಮಾತ್ರ ನಮಗೆ ಗೊತ್ತಿರಲಿಲ್ಲ; ನಿಮಗೆ ಈಗಲೇ ಹೇಳಿಬಿಡುತ್ತೇನೆ. ಮ್ಯೂನಿಕ್‌ನಲ್ಲಿರುವ ಅಕ್ಕ ವಾಲ್‌ಬುರ್ಗಾಗೆ ಅವನು ಹ್ಯಾಂಬರ್ಗ್‌ನಲ್ಲಿ ಇದ್ದೇನೆ ಅಂದಿದ್ದ. ಕಿಟಕಿ ತೆರೆದರೆ ಬಂದರು ಕಾಣುತ್ತದೆ ಅಂತಲೂ ಸೇರಿಸಿದ್ದ. ಊರಿನ ಬಗ್ಗೆ ನಾಚಿ ಹೇಳಿದ ಸುಳ್ಳು. ಊರು ಹಿಡಿಸಿದ ಮೇಲೆ ಆ ಸುಳ್ಳಿಗೇ ನಾಚಿಕೆ. ಬಿಚ್ಚಿ ಹೇಳಲು ಬಾಯಿ ಬರಲಿಲ್ಲ.

ಹೋಟೆಲು ಸೇರಿದೆವು. ಕೋಸು ಅಂದರೆ ಕೋಸಂಬರಿಗೆ ಹೆಚ್ಚುವ ಕೋಸಲ್ಲ. ಗುಂಗುರು ಎಲೆಯದು, ಗಂಟೆಗಟ್ಟಲೆ ಬೆಂದು ಕಪ್ಪಾದದ್ದು, ಜೊತೆಗೆ ಓಟ್ಸ್ ತುಂಬಿದ ಸಾಸೇಜು, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ, ಆಲೂಗೆಡ್ಡೆ. ನಮ್ಮಲ್ಲಿ ಖಾಲಿ ತಟ್ಟೆ ಅಂದರೆ ಇನ್ನೂ ಹಾಕಿ ಅಂತ ಅರ್ಥ. ಸಾಕಾದವರು ಒಂದಿಷ್ಟು ಉಳಿಸುತ್ತಾರೆ. ಕೊರ್ಬಿನಿಯಾನ್ ಅಗುಳೂ ಬಿಡದಂತೆ ಬೆಳೆದವನು. ಅಲ್ಲದೆ ಇನ್ನೊಬ್ಬರ ಪ್ಯಾಂಟಿನಲ್ಲಿ ಕೂತವನು ಯಾವ ಬಾಯಲ್ಲಿ ಬೇಡ ಅಂದಾನು? ಖಾಲಿ ಮಾಡಿದ, ಬಡಿಸಿದರು. ಮತ್ತೆ ಖಾಲಿ ಮಾಡಿದ, ಮತ್ತೆ ಬಡಿಸಿದರು.

ಎಲ್ಲರಿಗಿಂತ ಹೆಚ್ಚು ತಿಂದವನೇ ಕೋಸಿನ ದೊರೆ. ಫೆನ್ನಾ ರಿಬ್ಬನ್ನಿಗೆ ಕಟ್ಟಿದ ಹಂದಿಯ ದವಡೆಮೂಳೆಯನ್ನು ಅವನ ಕೊರಳಿಗೆ ಹಾಕಿದಳು. ದೊರೆಗೆ ದೊರೆಯುವುದು ಒಂದು ಹೊರೆ: ಮುಂದಿನ ವರ್ಷದ ಯಾತ್ರೆ ಪೂರ್ತಿ ಅವನೇ ನಡೆಸಬೇಕು. ಅವನ ಕಣ್ಣು ಒದ್ದೆಯಾಗಿತ್ತು. ಮಾತಾಡಲು ಎದ್ದು ನಿಂತಾಗ ಫೋನು ಬಡಿಯಿತು. ಗದ್ದಲದಲ್ಲಿ ಕೇಳಿಸದೆ ಸ್ಪೀಕರ್ ಒತ್ತಿದ.

"ಕೊರ್ಬೀ, ಹ್ಯಾಂಬರ್ಗ್ ಸ್ಟೇಷನ್ನಲ್ಲಿ ನಿಂತಿದ್ದೀನಿ ಕಣೋ. ಹೇಳದೆ ಬಂದೆ. ಬಂದರು ಕಾಣೋ ನಿನ್ನ ಮನೆಗೆ ಯಾವ ಬಸ್ಸು?"

ಮೇಜಿನ ಸುತ್ತ ಇದ್ದವರಿಗೆಲ್ಲ ಕೇಳಿಸಿತು.

"ಅಕ್ಕಾ, ನಾನು ಅಲ್ಲಿಲ್ಲ. ಓಲ್ಡನ್‌ಬರ್ಗ್‌ನಲ್ಲಿದ್ದೀನಿ."

"ಕೆಲಸದ ಮೇಲೆ ಹೋಗಿದ್ದೀಯಾ? ವಾಪಸ್ಸು ಎಷ್ಟೊತ್ತಿಗೆ?"

"ಬಂದು ಎರಡು ವರ್ಷ ಆಯ್ತು."

"ಮತ್ತೆ ಹ್ಯಾಂಬರ್ಗ್ ಅಂದಿದ್ದು? ಓಲ್ಡನ್‌ಬರ್ಗ್ ಅಂತ ಹೇಳ್ಕೊಳ್ಳೋಕೆ ನಾಚಿಕೆನಾ?"

ಅವನ ಮುಖ ಬೀಟ್‌ರೂಟು. ಫೆನ್ನಾ ಫೋನು ತೆಗೆದುಕೊಂಡಳು. "ಮೊಯಿನ್. ಬ್ರೆಮೆನ್‌ನಲ್ಲಿ ಗಾಡಿ ಬದಲಾಯಿಸಿ ಬನ್ನಿ. ಊಟ ಬಿಸಿ ಇಟ್ಟಿರ್ತೀವಿ." ಕಟ್ ಮಾಡಿದಳು.

ಯಾರೂ ಬೈಯಲಿಲ್ಲ. ಬೈದಿದ್ದರೆ ಅವನು ಸ್ವಲ್ಪ ಉಸಿರಾಡುತ್ತಿದ್ದ. ಐಲರ್ಟ್ ಸಾಸಿವೆಯ ಬಟ್ಟಲನ್ನು ಅವನತ್ತ ಸರಿಸಿದ, ಅಷ್ಟೆ. ಕೊರ್ಬಿನಿಯಾನ್ ದವಡೆಮೂಳೆ ತೆಗೆದು ಮೇಜಿನ ಮೇಲಿಟ್ಟ.

"ಇದು ನನಗೆ ಸಲ್ಲೋದಲ್ಲ. ನಿಮ್ಮೂರ ಹೆಸರು ಹೇಳೋಕೆ ನಾಚಿಕೊಂಡವನು ನಾನು. ಅದೂ ನಿಮ್ಮದೇ ಪ್ಯಾಂಟು ಹಾಕ್ಕೊಂಡು ಹೇಳ್ತಿದ್ದೀನಿ."

"ಅದನ್ನೂ ಬಿಚ್ಚಿ ಇಡಬೇಡಿ," ಅಂದ ಐಲರ್ಟ್.

"ತಿಂದದ್ದು ವಾಪಸ್ಸು ಮಾಡೋಕಾಗುತ್ತಾ, ಆಶೆನ್‌ಬ್ರೆನ್ನರ್ ಅವರೇ?" ಅಂದಳು ಫೆನ್ನಾ. "ಹಾಗೇ ಇದೂ."

ಮೂಳೆ ಅಲ್ಲೇ ಬಿದ್ದಿತ್ತು. ಸಂಜೆಗೆ ವಾಲ್‌ಬುರ್ಗಾ ಬಂದಳು. ಕೋಟು ಬಿಚ್ಚುವ ಮೊದಲೇ ಅವಳ ಮುಂದೆ ತಟ್ಟೆ ಇತ್ತು. ತಿಂದಳು, ತಮ್ಮನ ಪ್ಯಾಂಟು ನೋಡಿದಳು, ನಮ್ಮೆಲ್ಲರ ಮುಖ ನೋಡಿದಳು.

"ಕೊರ್ಬೀ, ಮ್ಯೂನಿಕ್‌ನಲ್ಲಿ ನಿನ್ನ ಹಳೇ ಜಾಗ ಇನ್ನೂ ಖಾಲಿ ಇದೆ. ನಾಚಿಕೆಪಟ್ಟುಕೊಂಡು ಯಾಕೋ ಇಲ್ಲಿರ್ತೀಯ? ನಿನ್ನ ಹಿಡಿದಿಟ್ಟಿರೋವಂಥದ್ದು ಈ ಊರಲ್ಲಿ ಏನಿದೆ?"

ಫೋರ್ಕುಗಳು ನಿಂತವು. ಹೊಗಳಿಕೆ ಅಂದರೆ ಮೂಗು ಮುರಿಯುವ ಫೆನ್ನಾ ಕೂಡ ಕುರ್ಚಿಯನ್ನು ಒಂದಿಷ್ಟು ಹತ್ತಿರ ಎಳೆದುಕೊಂಡಳು. ಚಹಾ ಅಂತಾನೋ, ನಮ್ಮ ಒಳ್ಳೆಯತನ ಅಂತಾನೋ ಎಂದು ನಾವೆಲ್ಲ ಒಳಗೊಳಗೇ ಸಿದ್ಧವಾಗಿದ್ದೆವು. ಅವನು ದವಡೆಮೂಳೆಯನ್ನು ಎತ್ತಿ ಮತ್ತೆ ಕೊರಳಿಗೆ ಹಾಕಿಕೊಂಡ.

"ಊರೆಲ್ಲ ಸಮತಟ್ಟು ಅಕ್ಕ," ಅಂದ. "ಮಂಡಿ ನೋಯಲ್ಲ."